ಕಿಡ್ನಿಯ ಅಮೋನಿಯಾ: ಒಂದು ಗ್ಲುಟಮಿನ್, ಎರಡು ಬೈಕಾರ್ಬೊನೇಟ್

"ಅಮೋನಿಯಾ ಪ್ರೋಟಾನನ್ನು ಹಿಡಿದು ಅಮೋನಿಯಂ ಆಗಿ ಮೂತ್ರದಲ್ಲಿ ಹೋಗುತ್ತದೆ." ಆಸಿಡ್-ಬೇಸ್ ಪ್ರಶ್ನೆ ಬಂದಾಗ ಈ ಒಂದು ಸಾಲು ಬರೆದು ಮುಂದಕ್ಕೆ ಹೋಗುವವರೇ ನಮ್ಮಲ್ಲಿ ಹೆಚ್ಚು. ಥಿಯರಿ ಪೇಪರಿನಲ್ಲಿ ಅಷ್ಟಕ್ಕೆ ಮಾರ್ಕ್ಸ್ ಬೀಳುತ್ತವೆ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬೀಳುವುದಿಲ್ಲ. ಕಲಬುರಗಿಯ ವೈವಾ ಟೇಬಲ್ಲಿನ ಆಚೆ ಕೂತವರು ಎಲ್ಲಾ ಕೇಳಿಸಿಕೊಂಡು ಸಾವಕಾಶ ಒಂದು ಪ್ರಶ್ನೆ ಒಗೀತಾರೆ: "ಹೌದು ತಮ್ಮಾ, ಆ ಅಮೋನಿಯಾ ಮೂತ್ರಕ್ಕ ಹೋಗದ ರಕ್ತದಾಗ ವಾಪಸ್ ಹೋದ್ರ ಏನಾಗ್ತದ?" ಈ ಟಿಪ್ಪಣಿ ಬರೆದದ್ದೇ ಆ ಪ್ರಶ್ನೆಯ ಸಲುವಾಗಿ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮೆಡಿಕಲ್ ಜೂನಿಯರ್‌ಗಳು ಮನಸ್ಸಿನಲ್ಲಿದ್ದಾರೆ. ಎನ್‌ಜೈಮ್, ಟ್ರಾನ್ಸ್‌ಪೋರ್ಟರ್‌ಗಳ ಹೆಸರನ್ನು ಕ್ಲಾಸಿನಲ್ಲಿ ಕೇಳುವ ಹಾಗೆಯೇ ಇಟ್ಟಿದ್ದೇನೆ.

ದಿನದ ಆಮ್ಲ ಎಷ್ಟು?

ದೇಹದಲ್ಲಿ ಎರಡು ಥರದ ಆಮ್ಲ ಹುಟ್ಟುತ್ತದೆ. ಒಂದು ಇಂಗಾಲದ ಡೈಆಕ್ಸೈಡ್. ದಿನಕ್ಕೆ ಸುಮಾರು 15,000 ಮಿಲಿಮೋಲ್ ಹುಟ್ಟಿದರೂ ಶ್ವಾಸಕೋಶ ಅದನ್ನು ಹೊರಗೆ ಹಾಕುತ್ತದೆ, ಕಿಡ್ನಿಗೆ ಚಿಂತೆಯಿಲ್ಲ. ಇನ್ನೊಂದು ಉಸಿರಿನಲ್ಲಿ ಹೋಗದ ಆಮ್ಲ. ಮೆಥಿಯೋನಿನ್, ಸಿಸ್ಟೀನ್ ಎಂಬ ಗಂಧಕವಿರುವ ಅಮೈನೋ ಆಮ್ಲಗಳು ಒಡೆದಾಗ ಸಲ್ಫ್ಯೂರಿಕ್ ಆಮ್ಲ ಆಗುತ್ತದಲ್ಲ, ಅದೇ ಇದರಲ್ಲಿ ಮುಖ್ಯ. ಇದು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಮಿಲಿಮೋಲ್. 60 ಕಿಲೋ ಆಳಿಗೆ 60 ಮಿಲಿಮೋಲ್ ಎಂದು ಹಿಡಿಯಿರಿ.

ಮಾಂಸ ತಿನ್ನುವವರಿಗೆ ಮಾತ್ರ ಈ ಆಮ್ಲ ಎಂದು ತಿಳಿಯಬೇಡಿ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಉಂಡರೂ ಪ್ರೋಟೀನ್ ಒಳಗೆ ಹೋಗುತ್ತದೆ, ಅದರ ಜೊತೆಗೆ ಗಂಧಕವೂ ಹೋಗುತ್ತದೆ. ಪಲ್ಯ, ತರಕಾರಿ ಮಾತ್ರ ಇದಕ್ಕೆ ಉಲ್ಟಾ. ಅವುಗಳಲ್ಲಿರುವ ಸಿಟ್ರೇಟ್, ಮ್ಯಾಲೇಟ್‌ನಂಥ ಲವಣಗಳು ದೇಹದಲ್ಲಿ ಉರಿದು ಬೈಕಾರ್ಬೊನೇಟ್, ಅಂದರೆ ಆಮ್ಲವನ್ನು ತಣಿಸುವ ಕ್ಷಾರ, ಕೊಡುತ್ತವೆ. ಪುಂಡಿ ಪಲ್ಯ ನಾಲಿಗೆಗೆ ಹುಳಿ, ಆದರೆ ನಾಲಿಗೆಗೆ ಹುಳಿ ಎನಿಸಿದ್ದೆಲ್ಲ ರಕ್ತಕ್ಕೆ ಆಮ್ಲದ ಹೊರೆಯಲ್ಲ. ಈ ಗೊಂದಲ ಫೈನಲ್ ಇಯರ್ ಬಂದರೂ ಬಿಟ್ಟುಹೋಗುವುದಿಲ್ಲ, ನೋಡಿದ್ದೇನೆ.

ಈ 60 ಮಿಲಿಮೋಲ್ ಆಮ್ಲ ಹುಟ್ಟಿದಾಗ ರಕ್ತದ 60 ಮಿಲಿಮೋಲ್ ಬೈಕಾರ್ಬೊನೇಟ್ ಖರ್ಚಾಯಿತು. ಕಿಡ್ನಿ ಅಷ್ಟನ್ನು ಹೊಸದಾಗಿ ಮಾಡಿ ಕೊಡಬೇಕು. ಕಿಡ್ನಿಯ ಜರಡಿಯಾದ ಗ್ಲೊಮೆರುಲಸ್‌ನಲ್ಲಿ ದಿನಕ್ಕೆ ಸೋಸಿದ 4,300 ಮಿಲಿಮೋಲ್‌ನಷ್ಟು ಬೈಕಾರ್ಬೊನೇಟನ್ನು ನಳಿಕೆಗಳು ವಾಪಸ್ ಎಳೆದುಕೊಳ್ಳುತ್ತವೆ, ಅದು ಬೇರೆ ವಿಷಯ. ಅದು ಇದ್ದುದನ್ನು ಕಳೆದುಕೊಳ್ಳದಿರುವುದು ಅಷ್ಟೇ, ಹೊಸ ಗಳಿಕೆ ಅಲ್ಲ.

ಆಮ್ಲವನ್ನು ಬಿಡಿ ಪ್ರೋಟಾನ್ ಆಗಿಯೇ ಮೂತ್ರಕ್ಕೆ ಸುರಿದರೆ ಆಗದೆ? ಲೆಕ್ಕ ಹಾಕಿ ನೋಡಿ. ಮೂತ್ರದ ಪಿಎಚ್ ಸುಮಾರು 4.5ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಪಿಎಚ್‌ನಲ್ಲಿ ಒಂದು ಲೀಟರಿಗೆ ಬಿಡಿ ಪ್ರೋಟಾನ್ 0.03 ಮಿಲಿಮೋಲ್. 60 ಮಿಲಿಮೋಲ್ ಹೊರಹಾಕಲು ದಿನಕ್ಕೆ 2,000 ಲೀಟರ್ ಮೂತ್ರ ಮಾಡಬೇಕು! ಆದ್ದರಿಂದ ಪ್ರೋಟಾನನ್ನು ಹಿಡಿದಿಟ್ಟುಕೊಳ್ಳುವ ಬಫರ್ ಬೇಕೇ ಬೇಕು. ಫಾಸ್ಫೇಟ್ ಇದೆ, ಪಿಕೆ (ಅರ್ಧ ಪಾಲು ಪ್ರೋಟಾನ್ ಹಿಡಿದಿರುವ ಪಿಎಚ್) 6.8, ಒಳ್ಳೆಯ ಬಫರ್. ಆದರೆ ಅದು ಎಷ್ಟು ಬರುತ್ತದೆ ಎಂಬುದು ಊಟದ ಮೇಲೆ ನಿಂತಿದೆ. ಆಮ್ಲ ಹೆಚ್ಚಾಯಿತೆಂದು ಫಾಸ್ಫೇಟ್ ಹೆಚ್ಚಾಗುವುದಿಲ್ಲ. ಬೇಕಾದಾಗ ಬೇಕಾದಷ್ಟು ಹೆಚ್ಚಿಸಿಕೊಳ್ಳಬಹುದಾದ ದಾರಿ ಒಂದೇ, ಅಮೋನಿಯಾ. ಸಾಮಾನ್ಯ ದಿನದಲ್ಲಿ 30ರಿಂದ 40 ಮಿಲಿಮೋಲ್ ಅಮೋನಿಯಂ ಮೂತ್ರದಲ್ಲಿ ಹೋಗುತ್ತದೆ. ರಕ್ತದಲ್ಲಿ ಆಮ್ಲ ಹೆಚ್ಚುವ ಅಸಿಡೋಸಿಸ್ ಹಲವು ದಿನ ಮುಂದುವರಿದರೆ ಇದು 200 ದಾಟಬಲ್ಲದು. ಹಾಗಂತ ಒಂದೇ ರಾತ್ರಿಗೆ ಏರುವುದಿಲ್ಲ, ಪೂರ್ತಿ ಮಟ್ಟ ಮುಟ್ಟಲು ನಾಲ್ಕೈದು ದಿನ ಬೇಕು. ಯಾಕೆ ಎಂಬುದು ಮುಂದೆ ಬರುತ್ತದೆ.

ಪಿಸಿಟಿಯ (ಕಿಡ್ನಿ ನಳಿಕೆಯ ಮೊದಲ ಭಾಗದ) ಒಳಗೆ

ಮೂತ್ರದ ಅಮೋನಿಯಾ ರಕ್ತದಿಂದ ಸೋಸಿ ಬಂದದ್ದಲ್ಲ. 1921ರಲ್ಲಿ ನ್ಯಾಶ್ ಮತ್ತು ಬೆನೆಡಿಕ್ಟ್ ತೋರಿಸಿದ್ದು ಇದನ್ನೇ: ಕಿಡ್ನಿಗೆ ಹೋಗುವ ರಕ್ತಕ್ಕಿಂತ ಕಿಡ್ನಿಯಿಂದ ಹೊರಬರುವ ರಕ್ತದಲ್ಲಿ ಅಮೋನಿಯಾ ಹೆಚ್ಚು. ಅಂದರೆ ತಯಾರಿ ಅಲ್ಲಿಯೇ. 1935ರಲ್ಲಿ ಹಾನ್ಸ್ ಕ್ರೆಬ್ಸ್ ಕಿಡ್ನಿಯ ಅಂಗಾಂಶದಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಎನ್‌ಜೈಮ್ ಇರುವುದನ್ನು ವಿವರಿಸಿದರು. ನಮ್ಮನ್ನೆಲ್ಲ ಗೋಳಾಡಿಸುವ ಸಿಟ್ರಿಕ್ ಆಸಿಡ್ ಸೈಕಲ್ಲಿಗಿಂತ ಎರಡು ವರ್ಷ ಮೊದಲಿನ ಕೆಲಸ ಅದು. 1943ರಲ್ಲಿ ವ್ಯಾನ್ ಸ್ಲೈಕ್ ಮತ್ತು ಸಂಗಡಿಗರು ನಾಯಿಗಳಲ್ಲಿ ಅಳೆದು, ಮೂತ್ರದ ಅಮೋನಿಯಾದ ಹೆಚ್ಚಿನ ಪಾಲು ಗ್ಲುಟಮಿನ್‌ನಿಂದಲೇ ಬರುತ್ತದೆ ಎಂದು ತೋರಿಸಿದರು. ಅಲನಿನ್, ಗ್ಲೈಸಿನ್, ಆಸ್ಪರಜಿನ್‌ನಂಥವೂ ಕೊಂಚ ಕೊಡುತ್ತವೆ, ಆದರೆ ಪರೀಕ್ಷೆಗೂ ರೋಗಿಗೂ ಗ್ಲುಟಮಿನ್ ಸಾಕು.

ಗ್ಲುಟಮಿನ್ನೇ ಯಾಕೆ? ರಕ್ತದಲ್ಲಿ ಬಿಡಿಯಾಗಿರುವ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಅದು. ಮೇಲಾಗಿ ಅದರಲ್ಲಿ ಎರಡು ಸಾರಜನಕಗಳಿವೆ, ಒಂದು ಪಕ್ಕದ ಸರಪಳಿಯ ಅಮೈಡ್, ಇನ್ನೊಂದು ಎಂದಿನ ಅಮೈನೋ ಗುಂಪು. ವಿದ್ಯುತ್ ಚಾರ್ಜ್ ಇಲ್ಲದ ಅಣುವಾದ್ದರಿಂದ, ವಿಷವಲ್ಲದ ರೂಪದಲ್ಲಿ ಸಾರಜನಕವನ್ನು ಸ್ನಾಯುವಿನಿಂದ ಕಿಡ್ನಿಯವರೆಗೆ ಹೊತ್ತು ತರಲು ಅನುಕೂಲ.

ಗ್ಲುಟಮಿನ್ ಪಿಸಿಟಿ ಕೋಶಕ್ಕೆ ಎರಡು ಬಾಗಿಲಿನಿಂದ ಬರುತ್ತದೆ. ಸೋಸಿ ಬಂದದ್ದು ನಳಿಕೆಯ ಕಡೆಯಿಂದ, ಉಳಿದದ್ದು ರಕ್ತದ ಕಡೆಯಿಂದ ಸ್ನಾಟ್3 ಎಂಬ ಟ್ರಾನ್ಸ್‌ಪೋರ್ಟರ್ ಮೂಲಕ. ಅಸಿಡೋಸಿಸ್ ಆದಾಗ ಹೆಚ್ಚಾಗುವುದು ಈ ಎರಡನೇ ಬಾಗಿಲಿನ ಓಡಾಟ. ಆಗ ರಕ್ತ ಕಿಡ್ನಿಯನ್ನು ಒಂದು ಸಲ ಹಾದುಹೋಗುವಷ್ಟರಲ್ಲಿ ಅದರಲ್ಲಿನ ಗ್ಲುಟಮಿನ್‌ನ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕಿಡ್ನಿ ಕಿತ್ತುಕೊಳ್ಳುತ್ತದೆ. ಅದು ಎಲ್ಲಿಂದ ಬರಬೇಕು? ಸ್ನಾಯುವಿನಿಂದ. ಬಹಳ ಕಾಲ ಅಸಿಡೋಸಿಸ್ ಇರುವ ರೋಗಿಯ ತೋಳು-ತೊಡೆ ಸೊರಗುವುದಕ್ಕೆ ಇದೂ ಒಂದು ಕಾರಣ. ಊಟ ಕಡಿಮೆಯಾದದ್ದರ ಮೇಲಷ್ಟೇ ಹೊರಿಸಬೇಡಿ.

ಈಗ ಮೈಟೊಕಾಂಡ್ರಿಯಾ. ಇಲ್ಲಿ ಪೆನ್ನು ಹಿಡಿದು ಜೊತೆಗೇ ಬರೆದುಕೊಳ್ಳಿ. ಫಾಸ್ಫೇಟ್ ಇದ್ದರಷ್ಟೇ ಕೆಲಸ ಮಾಡುವ ಗ್ಲುಟಮಿನೇಸ್, ಗ್ಲುಟಮಿನ್‌ನ ಅಮೈಡ್ ಸಾರಜನಕವನ್ನು ಬಿಡಿಸುತ್ತದೆ. ಮೊದಲ ಅಮೋನಿಯಂ ಬಂತು, ಉಳಿದದ್ದು ಗ್ಲುಟಮೇಟ್. ಗ್ಲುಟಮೇಟ್ ಡಿಹೈಡ್ರೋಜಿನೇಸ್ ಅದರ ಅಮೈನೋ ಗುಂಪನ್ನು ತೆಗೆಯುತ್ತದೆ. ಎರಡನೇ ಅಮೋನಿಯಂ ಬಂತು, ಉಳಿದದ್ದು ಆಲ್ಫಾ-ಕೀಟೋಗ್ಲುಟರೇಟ್. ಈ ಕೊನೆಯದರ ಮೇಲೆ ಎರಡು ಋಣ ಚಾರ್ಜ್‌ಗಳಿವೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಆಲ್ಫಾ-ಕೀಟೋಗ್ಲುಟರೇಟ್ ಸಿಟ್ರಿಕ್ ಆಸಿಡ್ ಸೈಕಲ್ಲಿಗೆ ಬೀಳುತ್ತದೆ. ಒಂದಿಷ್ಟು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದಿಷ್ಟು ಆಕ್ಸಾಲೋಅಸಿಟೇಟ್ ವರೆಗೆ ಹೋಗಿ, ಪೆಪ್‌ಸಿಕೆ ಎಂಬ ಎನ್‌ಜೈಮಿನ ಕೈಗೆ ಸಿಕ್ಕು, ಗ್ಲುಕೋಸ್ ಆಗುತ್ತದೆ. ಯಾವ ದಾರಿ ಹಿಡಿದರೂ ಎರಡು ಋಣ ಚಾರ್ಜ್‌ಗಳು ಚಾರ್ಜ್ ಇಲ್ಲದ ವಸ್ತುವಾಗಬೇಕಾದರೆ ಎರಡು ಪ್ರೋಟಾನ್ ಖರ್ಚಾಗಲೇಬೇಕು. ಕೋಶದಲ್ಲಿ ಎರಡು ಪ್ರೋಟಾನ್ ಖರ್ಚಾಯಿತೆಂದರೆ ಎರಡು ಹೊಸ ಬೈಕಾರ್ಬೊನೇಟ್ ಉಳಿದಂತೆ. ಅವು ರಕ್ತದ ಕಡೆಯ ಸೋಡಿಯಂ-ಬೈಕಾರ್ಬೊನೇಟ್ ಟ್ರಾನ್ಸ್‌ಪೋರ್ಟರ್ ಮೂಲಕ ರಕ್ತಕ್ಕೆ ಹೋಗುತ್ತವೆ.

ಒಂದು ಗ್ಲುಟಮಿನ್, ಎರಡು ಅಮೋನಿಯಂ, ಎರಡು ಬೈಕಾರ್ಬೊನೇಟ್. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಜೀವ ಇಲ್ಲಿದೆ. ಮೇಲೆ ಹೇಳಿದ "ಅಮೋನಿಯಾ ಪ್ರೋಟಾನನ್ನು ಹಿಡಿಯುತ್ತದೆ" ಎಂಬ ಸಾಲು ಯಾಕೆ ದಾರಿ ತಪ್ಪಿಸುತ್ತದೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಅಮೋನಿಯಾದ ಪಿಕೆ ಸುಮಾರು 9. ಕೋಶದ ಪಿಎಚ್‌ನಲ್ಲಿ ಶೇಕಡಾ 98ಕ್ಕೂ ಹೆಚ್ಚು ಭಾಗ ಅಮೋನಿಯಂ ಆಗಿಯೇ ಇರುತ್ತದೆ. ಹುಟ್ಟುವಾಗಲೇ ಪ್ರೋಟಾನ್ ಹೊತ್ತು ಹುಟ್ಟಿದ್ದು ದಾರಿಯಲ್ಲಿ ಇನ್ನೊಂದನ್ನು ಹಿಡಿಯುವುದೆಲ್ಲಿಂದ? ಬೈಕಾರ್ಬೊನೇಟ್ ಬಂದದ್ದು ಅಮೋನಿಯಾದಿಂದಲ್ಲ, ಗ್ಲುಟಮಿನ್‌ನ ಇಂಗಾಲದ ಅಸ್ಥಿಪಂಜರ ಉರಿದದ್ದರಿಂದ.

ಲಿವರ್ ಮಧ್ಯೆ ಬಂದರೆ

ಬೈಕಾರ್ಬೊನೇಟ್ ಆಗಲೇ ರಕ್ತಕ್ಕೆ ಹೋಗಿದೆ. ಇನ್ನು ಅಮೋನಿಯಂ ಎಲ್ಲಿಗೆ ಹೋದರೇನು ಎಂದು ಕೇಳಬಹುದು. ವೈವಾದ ಆ ಪ್ರಶ್ನೆಯೂ ಇದೇ.

ಕಿಡ್ನಿಯಲ್ಲಿ ಹುಟ್ಟಿದ ಅಮೋನಿಯಂ ಎಲ್ಲವೂ ಮೂತ್ರಕ್ಕೆ ಹೋಗುವುದಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ರೀನಲ್ ವೇನ್ ಹಿಡಿದು ರಕ್ತಕ್ಕೆ ಸೇರಿ ಲಿವರಿಗೆ ಹೋಗುತ್ತದೆ. ಲಿವರ್ ಅದನ್ನು ಯೂರಿಯಾ ಮಾಡುತ್ತದೆ. ಎರಡು ಅಮೋನಿಯಂನಿಂದ ಒಂದು ಯೂರಿಯಾ ಆಗಬೇಕಾದರೆ ಎರಡು ಬೈಕಾರ್ಬೊನೇಟ್ ಖರ್ಚು. ಕಿಡ್ನಿ ಗಳಿಸಿದ್ದು ಎರಡು, ಲಿವರ್ ಮುರಿದುಕೊಂಡದ್ದು ಎರಡು. ಎಪಿಎಂಸಿಯಲ್ಲಿ ತೊಗರಿ ಮಾರಿದ ರೈತನ ರಸೀದಿಯಲ್ಲಿ ಮೊತ್ತ ದೊಡ್ಡದಾಗಿಯೇ ಇರುತ್ತದೆ, ಆದರೆ ಅಡತಿ ಅಂಗಡಿಯವರು ಬಿತ್ತನೆ ಹೊತ್ತಿನಲ್ಲಿ ಕೊಟ್ಟ ಮುಂಗಡ ಮುರಿದುಕೊಂಡ ಮೇಲೆ ಕೈಗೆ ಬರುವುದು ಸೊನ್ನೆ. ಇದೂ ಹಾಗೆಯೇ. ಅಮೋನಿಯಂ ಮೂತ್ರದಲ್ಲಿ ಹೋದಷ್ಟೇ ದೇಹಕ್ಕೆ ಲಾಭ.

ಹಾಗಾಗಿ ಕಿಡ್ನಿಗೆ ಎರಡು ಕೆಲಸ: ತಯಾರಿಸುವುದು, ಮತ್ತು ತಯಾರಾದದ್ದು ರಕ್ತದ ಕಡೆ ಜಾರದಂತೆ ಮೂತ್ರದ ಕಡೆ ಸಾಗಿಸುವುದು. ಅಸಿಡೋಸಿಸ್‌ನಲ್ಲಿ ಎರಡೂ ಹೆಚ್ಚುತ್ತವೆ. ತಯಾರಿ ಏರುತ್ತದೆ, ಅದರಲ್ಲಿ ಮೂತ್ರಕ್ಕೆ ಹೋಗುವ ಪಾಲೂ ಏರುತ್ತದೆ.

ಸಾಗಣೆಯ ದಾರಿ

ಸಾಗಣೆ ಸುತ್ತುಬಳಸಿನದು, ಆದರೂ ಬೇಗ ಹೇಳಿ ಮುಗಿಸುತ್ತೇನೆ. ಪಿಸಿಟಿಯಲ್ಲಿ ಎನ್‌ಎಚ್‌ಇ3 ಎಂಬ ಸೋಡಿಯಂ-ಪ್ರೋಟಾನ್ ಎಕ್ಸ್‌ಚೇಂಜರ್, ಪ್ರೋಟಾನ್ ಜಾಗದಲ್ಲಿ ಅಮೋನಿಯಂ ಅನ್ನೇ ನಳಿಕೆಗೆ ತಳ್ಳುತ್ತದೆ. ನಳಿಕೆಯ ಮುಂದಿನ ಭಾಗವಾದ ಹೆನ್ಲೆ ಲೂಪಿನ ದಪ್ಪ ಏರುಭಾಗದಲ್ಲಿ ಎನ್‌ಕೆಸಿಸಿ2, ಅಂದರೆ ಮೂತ್ರ ಹೆಚ್ಚಿಸುವ ಔಷಧಿ ಫ್ಯೂರೋಸಮೈಡ್ ಹೋಗಿ ಕೂರುವ ಅದೇ ಟ್ರಾನ್ಸ್‌ಪೋರ್ಟರ್, ಪೊಟ್ಯಾಸಿಯಂ ಎಂದುಕೊಂಡು ಅಮೋನಿಯಂ ಅನ್ನು ಒಳಗೆಳೆಯುತ್ತದೆ. ಎರಡರ ಗಾತ್ರವೂ ಚಾರ್ಜೂ ಹೆಚ್ಚುಕಡಿಮೆ ಒಂದೇ. ಹೀಗೆ ಎಳೆದದ್ದು ಮೆಡುಲ್ಲಾದಲ್ಲಿ, ಅಂದರೆ ಕಿಡ್ನಿಯ ಒಳಭಾಗದಲ್ಲಿ, ಕೋಶಗಳ ನಡುವಿನ ಜಾಗದಲ್ಲಿ ರಾಶಿಯಾಗುತ್ತದೆ. ಅಲ್ಲಿಂದ ಅಮೋನಿಯಾ ರೂಪದಲ್ಲಿ, ಆರ್‌ಎಚ್ ಬಿಜಿ ಮತ್ತು ಆರ್‌ಎಚ್ ಸಿಜಿ ಪ್ರೋಟೀನುಗಳ ಮೂಲಕ, ನಳಿಕೆಯ ಕೊನೆಯ ಭಾಗವಾದ ಕಲೆಕ್ಟಿಂಗ್ ಡಕ್ಟಿನ ಗೋಡೆ ದಾಟಿ ಮೂತ್ರಕ್ಕೆ ಇಳಿಯುತ್ತದೆ. ರಕ್ತದ ಗುಂಪಿನ ಆರ್‌ಎಚ್ ಪ್ರೋಟೀನುಗಳ ಕುಟುಂಬವೇ ಇವು. ಕಲೆಕ್ಟಿಂಗ್ ಡಕ್ಟಿನ ಪ್ರೋಟಾನ್ ಪಂಪು ಮೂತ್ರವನ್ನು ಆಮ್ಲೀಯವಾಗಿ ಇಟ್ಟಿರುವುದರಿಂದ ಒಳಗಿಳಿದ ಅಮೋನಿಯಾ ಮತ್ತೆ ಅಮೋನಿಯಂ ಆಗಿ ಅಲ್ಲೇ ಸಿಕ್ಕಿಬೀಳುತ್ತದೆ.

ಒಂದು ಸೂಕ್ಷ್ಮ, ಬಹಳ ಜನ ಇಲ್ಲಿ ಎರಡು ಸಲ ಎಣಿಸುತ್ತಾರೆ. ಪ್ರೋಟಾನ್ ಪಂಪು ಕೆಲಸ ಮಾಡಿದಾಗ ಅಲ್ಲೂ ಒಂದು ಬೈಕಾರ್ಬೊನೇಟ್ ರಕ್ತಕ್ಕೆ ಹೋಗುತ್ತದಲ್ಲ, ಅದನ್ನೂ ಲಾಭಕ್ಕೆ ಸೇರಿಸಬೇಕೆ? ಬೇಡ. ಮೆಡುಲ್ಲಾದಲ್ಲಿ ಅಮೋನಿಯಂ ಒಡೆದು ಅಮೋನಿಯಾ ಆದಾಗ ಒಂದು ಪ್ರೋಟಾನ್ ಹಿಂದೆ ಉಳಿಯಿತು. ಅದು ಆ ಬೈಕಾರ್ಬೊನೇಟನ್ನು ನುಂಗುತ್ತದೆ. ನಿಜವಾದ ಗಳಿಕೆ ಪಿಸಿಟಿಯದು. ಕಲೆಕ್ಟಿಂಗ್ ಡಕ್ಟ್ ಮಾಡುವುದು ಅದನ್ನು ಕಳೆದುಕೊಳ್ಳದಂತೆ ಕಾಯುವ ಕೆಲಸ.

ಯಾರು ಏರಿಸುತ್ತಾರೆ, ಯಾರು ಇಳಿಸುತ್ತಾರೆ

ಅಸಿಡೋಸಿಸ್‌ನಲ್ಲಿ ಗ್ಲುಟಮಿನೇಸ್, ಗ್ಲುಟಮೇಟ್ ಡಿಹೈಡ್ರೋಜಿನೇಸ್, ಪೆಪ್‌ಸಿಕೆ, ಸ್ನಾಟ್3 ಎಲ್ಲದರ ಪ್ರಮಾಣವೂ ಏರುತ್ತದೆ. ಗ್ಲುಟಮಿನೇಸ್ ವಿಷಯದಲ್ಲಿ ಹೊಸ ಎಂಆರ್‌ಎನ್‌ಎ ಹೆಚ್ಚಾಗಿ ಬರೆಯಲ್ಪಡುವುದಕ್ಕಿಂತ, ಇದ್ದ ಎಂಆರ್‌ಎನ್‌ಎ ಬೇಗ ಹಾಳಾಗದೆ ಉಳಿಯುವುದು ಮುಖ್ಯ ಕಾರಣ. ಹೀಗೆ ಎನ್‌ಜೈಮ್ ರಾಶಿಯಾಗಲು ಹೊತ್ತು ಬೇಕು, ನಾಲ್ಕೈದು ದಿನದ ಗುಟ್ಟು ಇದೇ. ಆ ತನಕ ತಕ್ಷಣದ ಏರಿಕೆಗೆ ಇನ್ನೊಂದು ಉಪಾಯವಿದೆ. ಕಿಡ್ನಿಯ ಗ್ಲುಟಮಿನೇಸನ್ನು ಗ್ಲುಟಮೇಟ್ ತಾನೇ ತಡೆಯುತ್ತದೆ. ಪಿಎಚ್ ಇಳಿದ ಕೂಡಲೇ ಆಲ್ಫಾ-ಕೀಟೋಗ್ಲುಟರೇಟ್ ಬೇಗ ಬಳಕೆಯಾಗಿ, ಅದರ ಹಿಂದಿನ ಗ್ಲುಟಮೇಟೂ ಇಳಿದು, ತಡೆ ಸಡಿಲಾಗುತ್ತದೆ.

ಇನ್ನು ಪೊಟ್ಯಾಸಿಯಂ. ಇದನ್ನು ಮಾತ್ರ ಬಿಡಬೇಡಿ. ಪೊಟ್ಯಾಸಿಯಂ ಕಡಿಮೆಯಾದರೆ ಪಿಸಿಟಿ ಕೋಶದ ಒಳಗೆ ಆಮ್ಲತೆ ಹೆಚ್ಚಿ, ಅಮೋನಿಯಾ ತಯಾರಿ ಏರುತ್ತದೆ. ಲಿವರ್ ಸಿರೋಸಿಸ್ ರೋಗಿಗೆ ಹೊಟ್ಟೆಯ ನೀರಿಳಿಸಲು ಡೈಯುರೆಟಿಕ್ ಕೊಟ್ಟು, ಪೊಟ್ಯಾಸಿಯಂ ಇಳಿದು, ಮರುದಿನ ಆತ ತೊದಲುತ್ತ, ಹಗಲು-ರಾತ್ರಿ ತಿಳಿಯದೆ ಕೂತಿದ್ದರೆ ಈ ಪುಟ ನೆನಪಾಗಬೇಕು. ಕಿಡ್ನಿಯ ಅಮೋನಿಯಾ ರೀನಲ್ ವೇನಿನಲ್ಲಿ ಹೆಚ್ಚಾಗಿ ಹೋಗುತ್ತಿದೆ, ಅದನ್ನು ಯೂರಿಯಾ ಮಾಡಬೇಕಾದ ಲಿವರ್ ಕೈಚೆಲ್ಲಿದೆ. ಹೀಗೆ ಮಿದುಳು ಮಂಕಾಗುವ ಎನ್ಸೆಫಲೋಪತಿಯ ವಾರ್ಡಿನಲ್ಲಿ, ಕರುಳಿನ ಅಮೋನಿಯಾ ಇಳಿಸುವ ಲ್ಯಾಕ್ಟುಲೋಸ್ ಜೊತೆಗೆ ಪೊಟ್ಯಾಸಿಯಂ ಸರಿಮಾಡುವುದು ಈ ಕಾರಣಕ್ಕೆ.

ಪೊಟ್ಯಾಸಿಯಂ ಹೆಚ್ಚಾದರೆ ಉಲ್ಟಾ. ತಯಾರಿ ಇಳಿಯುತ್ತದೆ, ಎನ್‌ಕೆಸಿಸಿ2ನಲ್ಲಿ ಪೊಟ್ಯಾಸಿಯಂ ತಾನೇ ಜಾಗ ಹಿಡಿಯುವುದರಿಂದ ಸಾಗಣೆಯೂ ಇಳಿಯುತ್ತದೆ. ನಳಿಕೆಗಳ ದೋಷದಿಂದ ಆಮ್ಲ ಉಳಿಯುವ ಟೈಪ್ 4 ರೀನಲ್ ಟ್ಯೂಬ್ಯುಲರ್ ಅಸಿಡೋಸಿಸ್ ಎಂದರೆ ಬಹುಪಾಲು ಇದೇ, ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಮಜಾ ಎಂದರೆ ಅಲ್ಲಿ ಮೂತ್ರದ ಪಿಎಚ್ 5.5ಕ್ಕಿಂತ ಕೆಳಗೂ ಇರಬಹುದು. ಪಂಪು ಸರಿಯಿದೆ, ಬಫರ್ ಇಲ್ಲ. ಆದ್ದರಿಂದ "ಮೂತ್ರದ ಪಿಎಚ್ ಕಡಿಮೆ, ಅಂದರೆ ಕಿಡ್ನಿ ಆಮ್ಲ ಚೆನ್ನಾಗಿ ಹೊರಹಾಕುತ್ತಿದೆ" ಎಂಬ ತೀರ್ಮಾನ ಸುಳ್ಳು.

ರಿಪೋರ್ಟಿನಲ್ಲಿ ಹುಡುಕುವುದು

ಬೇಸಿಗೆಯಲ್ಲಿ ನಮ್ಮ ಕಡೆ ವಾಂತಿ-ಭೇದಿಯ ಹಾವಳಿ ಗೊತ್ತೇ ಇದೆ. ಭೇದಿಯಲ್ಲಿ ಬೈಕಾರ್ಬೊನೇಟ್ ಹೋಗುತ್ತದೆ, ಪೊಟ್ಯಾಸಿಯಂ ಕೂಡ. ಅಭ್ಯಾಸಕ್ಕೆಂದು ಹೀಗೊಂದು ಲೆಕ್ಕ ತೆಗೆದುಕೊಳ್ಳಿ: ಹಲವು ದಿನ ಭೇದಿಯಾಗಿ, ಸಲೈನ್ ಹಾಕಿಸಿಕೊಂಡ ರೋಗಿ. ಪಿಎಚ್ 7.28, ಬೈಕಾರ್ಬೊನೇಟ್ 12, ಸೋಡಿಯಂ 136, ಕ್ಲೋರೈಡ್ 114, ಪೊಟ್ಯಾಸಿಯಂ 3.0. ಅನಯಾನ್ ಗ್ಯಾಪ್ (ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬೊನೇಟ್ ಕಳೆದರೆ ಉಳಿಯುವುದು) 10, ನಾರ್ಮಲ್. ಹಾಗಾದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆಯೇ, ಇಲ್ಲ ತೊಂದರೆ ಕಿಡ್ನಿಯದ್ದೇ?

ಮೂತ್ರದ ಅಮೋನಿಯಂ ನೇರ ಅಳೆಯುವ ವ್ಯವಸ್ಥೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಇಲ್ಲ. ಬಳಸುದಾರಿ ಇದೆ. ಅಮೋನಿಯಂ ಧನ ಚಾರ್ಜಿನದು, ಒಂಟಿಯಾಗಿ ಹೋಗದು, ಕ್ಲೋರೈಡ್ ಜೊತೆಗೆ ಹೋಗುತ್ತದೆ. ಮೂತ್ರದ ಸೋಡಿಯಂ ಮತ್ತು ಪೊಟ್ಯಾಸಿಯಂ ಕೂಡಿಸಿ ಕ್ಲೋರೈಡ್ ಕಳೆಯಿರಿ, ಇದೇ ಮೂತ್ರದ ಅನಯಾನ್ ಗ್ಯಾಪ್. ಸೋಡಿಯಂ 40, ಪೊಟ್ಯಾಸಿಯಂ 30, ಕ್ಲೋರೈಡ್ 110 ಇದ್ದರೆ ಉತ್ತರ ಮೈನಸ್ 40. ಲೆಕ್ಕಕ್ಕೆ ಸಿಗದ ಧನ ಚಾರ್ಜೊಂದು ಕ್ಲೋರೈಡಿನ ಜೊತೆಗಿದೆ, ಅದು ಅಮೋನಿಯಂ. ಕಿಡ್ನಿ ದುಡಿಯುತ್ತಿದೆ, ನಷ್ಟ ಕರುಳಿನದು. ಅದೇ ಸೋಡಿಯಂ 50, ಪೊಟ್ಯಾಸಿಯಂ 35, ಕ್ಲೋರೈಡ್ 60 ಇದ್ದರೆ ಪ್ಲಸ್ 25. ಅಮೋನಿಯಂ ಕಾಣುತ್ತಿಲ್ಲ, ಟ್ಯೂಬ್ಯುಲರ್ ಅಸಿಡೋಸಿಸ್ ಕಡೆ ನೋಡಬೇಕು.

ಈ ಲೆಕ್ಕ ಎರಡು ಕಡೆ ಕೈಕೊಡುತ್ತದೆ. ಮೈಯ ನೀರು ತೀರಾ ಬತ್ತಿ ಮೂತ್ರದ ಸೋಡಿಯಂ 20ಕ್ಕಿಂತ ಕೆಳಗಿದ್ದರೆ, ಕಲೆಕ್ಟಿಂಗ್ ಡಕ್ಟಿಗೆ ಸೋಡಿಯಂ ತಲುಪದೆ ಅಲ್ಲಿನ ಆಮ್ಲ ಸ್ರಾವವೇ ಸೊರಗಿರುತ್ತದೆ. ಡಯಾಬಿಟಿಕ್ ಕೀಟೋಅಸಿಡೋಸಿಸ್‌ನಲ್ಲಿ ಅಮೋನಿಯಂ ಕ್ಲೋರೈಡಿನ ಬದಲು ಕೀಟೋನ್‌ಗಳ ಜೊತೆ ಹೋಗುವುದರಿಂದ ಗ್ಯಾಪ್ ಸುಳ್ಳು ಪ್ಲಸ್ ತೋರಿಸುತ್ತದೆ. ಅಲ್ಲಿ ಮೂತ್ರದ ಆಸ್ಮೋಲಲ್ ಗ್ಯಾಪ್ (ಅಳೆದ ಮತ್ತು ಲೆಕ್ಕ ಹಾಕಿದ ಆಸ್ಮೋಲಾಲಿಟಿಗಳ ವ್ಯತ್ಯಾಸ) ನೋಡಿ, ಅದರ ಅರ್ಧ ಸುಮಾರಾಗಿ ಅಮೋನಿಯಂ.

ಇದೇ ಭೇದಿ ರೋಗಿಯ ಮೂತ್ರದ ಪಿಎಚ್ 6 ದಾಟಿದ್ದರೆ ಗಾಬರಿ ಬೇಡ. ಪೊಟ್ಯಾಸಿಯಂ ಇಳಿದು ಅಮೋನಿಯಾ ಅಷ್ಟು ಸುರಿದಿದೆ, ಅದೇ ಪ್ರೋಟಾನುಗಳನ್ನು ಹಿಡಿದು ಪಿಎಚ್ ಮೇಲೇರಿಸಿದೆ.

ಕಿಡ್ನಿಯೇ ಸೊರಗಿದರೆ

ಸಿಕೆಡಿಯಲ್ಲಿ, ಅಂದರೆ ಬಹುಕಾಲದ ಕಿಡ್ನಿ ಕಾಯಿಲೆಯಲ್ಲಿ, ಆಮ್ಲ ಉಳಿಯಲು ಮುಖ್ಯ ಕಾರಣ ಪ್ರೋಟಾನ್ ಪಂಪ್ ಕೆಟ್ಟದ್ದಲ್ಲ, ಅಮೋನಿಯಾ ಮಾಡುವ ನೆಫ್ರಾನ್‌ಗಳ ಸಂಖ್ಯೆ ಕಡಿಮೆಯಾದದ್ದು. ಉಳಿದ ಒಂದೊಂದು ನೆಫ್ರಾನೂ ಮೊದಲಿಗಿಂತ ಹೆಚ್ಚು ದುಡಿಯುತ್ತದೆ, ಆದರೂ ಒಟ್ಟು ಸಾಲುವುದಿಲ್ಲ. ಅದಕ್ಕೇ ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ. 84 ಮಿಲಿಗ್ರಾಂ ಎಂದರೆ 1 ಮಿಲಿಮೋಲ್, ಆದ್ದರಿಂದ 500 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 6. ದಿನಕ್ಕೆ ಮೂರು ಮಾತ್ರೆ ನುಂಗಿದರೆ 18 ಮಿಲಿಮೋಲ್, ಅಂದರೆ ಆರೋಗ್ಯವಂತ ಕಿಡ್ನಿ ಅಮೋನಿಯಂ ಮೂಲಕ ಗಳಿಸುವುದರ ಅರ್ಧದಷ್ಟು. "ಈ ಸೋಡಾ ಗುಳಿಗಿ ಯಾಕ್ರೀ ಸಾಹೇಬ್ರ, ನನಗ ಗ್ಯಾಸ್ ಇಲ್ಲಲ್ಲ?" ಎಂದು ಸಿಕೆಡಿಯ ಅಜ್ಜಾ ಕೇಳಿದರೆ, "ನಿಮ್ಮ ಕಿಡ್ನಿ ದಿನಾ ಮಾಡೂ ಸೋಡಾ ಈಗ ಕಮ್ಮಿ ಆಗೇದ, ಅದನ್ನ ಹೊರಗಿನಿಂದ ಕೊಡಾಕತ್ತೀವಿ ಅಜ್ಜಾ" ಎಂದರೆ ಸಾಕು, ಅರ್ಥವಾಗುತ್ತದೆ.

ಕೊನೆಗೆ ಲ್ಯಾಬಿನ ಮಾತೊಂದು. ಬಸ್ ನಿಲ್ದಾಣದ ಮೂತ್ರಾಲಯದಲ್ಲಿ ಮೂಗಿಗೆ ಬಡಿಯುವ ಘಾಟು ಈವರೆಗೆ ಹೇಳಿದ ಅಮೋನಿಯಾದ್ದಲ್ಲ. ತಾಜಾ ಮೂತ್ರದ ಪಿಎಚ್ 6ರ ಆಸುಪಾಸು ಇರುವಾಗ ಅಮೋನಿಯಂನ ಸಾವಿರದ ಒಂದು ಪಾಲೂ ಅನಿಲವಾಗಿರುವುದಿಲ್ಲ. ಆ ಘಾಟು ಬ್ಯಾಕ್ಟೀರಿಯಾಗಳು ಯೂರಿಯೇಸ್‌ನಿಂದ ಯೂರಿಯಾ ಒಡೆದಾಗ ಹುಟ್ಟಿದ್ದು. ಅದೇ ಕೆಲಸ ವಾರ್ಡಿನ ಕಿಟಕಿಯ ಮೇಲಿಟ್ಟ ಸ್ಯಾಂಪಲ್ ಡಬ್ಬಿಯಲ್ಲೂ ನಡೆಯುತ್ತದೆ, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಬಹಳ ಬೇಗ. ಬೆಳಿಗ್ಗೆ ಹಿಡಿದ ಮೂತ್ರ ಮಧ್ಯಾಹ್ನ ಲ್ಯಾಬಿಗೆ ಹೋದರೆ ಪಿಎಚ್ 8 ಎಂದು ಬರುತ್ತದೆ, ಇಲ್ಲದ ಟ್ಯೂಬ್ಯುಲರ್ ಅಸಿಡೋಸಿಸ್‌ಗೆ ಹುಡುಕಾಟ ಶುರುವಾಗುತ್ತದೆ. ಡಬ್ಬಿ ತುಂಬಿದ ಕೂಡಲೇ ಕಳಿಸಿ, ತಡವಾಗುವುದಿದ್ದರೆ ಫ್ರಿಜ್ಜಿನಲ್ಲಿಡಿ, ಹಿಡಿದ ಹೊತ್ತನ್ನು ಡಬ್ಬಿಯ ಮೇಲೆ ಬರೆಯಿರಿ.